ಉಪ್ಪಿನ ಬೆಟಗೇರಿಯಿಂದ ಹೌಜ್ ಖಾಸ್‌ವರೆಗೆ: ಜೆ. ಪಿ. ನಾಯಕರ ಶಿಕ್ಷಕ ಚಿಂತನೆ

ಸ್ವಾತಂತ್ರ್ಯೋತ್ತರ ಭಾರತದ ಶಿಕ್ಷಣ ನೀತಿಯನ್ನು ರೂಪಿಸಿದ ಮಹನೀಯರಲ್ಲಿ ಜಯಂತ ಪಾಂಡುರಂಗ ನಾಯಕರದು ಅಗ್ರಪಂಕ್ತಿಯ ಹೆಸರು. ಯುನೆಸ್ಕೋ ಸಂಸ್ಥೆಯು 1990ರ ದಶಕದಲ್ಲಿ ಹೊರತಂದ ವಿಶ್ವದ ಶಿಕ್ಷಣ ಚಿಂತಕರ ಪರಿಚಯ ಸಂಪುಟಗಳಲ್ಲಿ ಗಾಂಧೀಜಿ ಹಾಗೂ ರವೀಂದ್ರನಾಥ ಟಾಗೋರರೊಡನೆ ಅವರಿಗೂ ಸ್ಥಾನ ಸಂದಿದೆ. ಆದರೆ ಅವರ ಚಿಂತನೆಗೆ ಮೊದಲ ನೆಲೆಯಾದದ್ದು ಧಾರವಾಡ ಸೀಮೆಯ ಒಂದು ಹಳ್ಳಿ ಎಂಬ ಸಂಗತಿಗೆ ಕನ್ನಡಿಗರಾದ ನಾವು ಸಲ್ಲಬೇಕಾದಷ್ಟು ಗಮನವನ್ನು ಸಲ್ಲಿಸಿಲ್ಲ.

ನಾಯಕರು ಜನಿಸಿದ್ದು 1907ರ ಸೆಪ್ಟೆಂಬರ್ 5ರಂದು, ಕೊಲ್ಹಾಪುರ ಸೀಮೆಯ ಬಹಿರೇವಾಡಿ ಎಂಬ ಚಿಕ್ಕ ಗ್ರಾಮದಲ್ಲಿ. ಕಾನೂನುಭಂಗ ಚಳವಳಿಯ ಕರೆಗೆ ಓಗೊಟ್ಟು ಸೆರೆಮನೆ ಸೇರಿದ ಅವರು ಬಳ್ಳಾರಿಯ ಕಾರಾಗೃಹದಲ್ಲಿ ರೋಗಿಗಳ ಶುಶ್ರೂಷೆಯನ್ನು ಕಲಿತರು. ಬಿಡುಗಡೆಯ ನಂತರ ಧಾರವಾಡದ ಸಮೀಪದ ಉಪ್ಪಿನ ಬೆಟಗೇರಿಯಲ್ಲಿ ನೆಲೆಸಿ, ಗ್ರಾಮನೈರ್ಮಲ್ಯ, ಆರೋಗ್ಯ ಮತ್ತು ಶಿಕ್ಷಣದ ಕಾರ್ಯಗಳಲ್ಲಿ ತೊಡಗಿದರು. ಶಾಲೆಯನ್ನು ಅವರು ಮೊದಲು ಕಂಡದ್ದು ಆಡಳಿತದ ಕಡತಗಳ ಮೂಲಕವಲ್ಲ, ಊರಿನ ಬದುಕಿನೊಳಗಿನಿಂದ.

ಅನಂತರ ಕೊಲ್ಹಾಪುರ ಸಂಸ್ಥಾನದ ಸೇವೆ, ಗಾರಗೋಟಿಯ ಮೌನಿ ವಿದ್ಯಾಪೀಠದ ಸ್ಥಾಪನೆ, 1948ರಲ್ಲಿ ಮುಂಬಯಿಯ ಭಾರತೀಯ ಶಿಕ್ಷಣ ಸಂಸ್ಥೆಯ ಆರಂಭ, ಹೀಗೆ ಅವರ ಕಾರ್ಯಕ್ಷೇತ್ರವು ವಿಸ್ತಾರಗೊಂಡಿತು. ಸೈಯದ್ ನೂರುಲ್ಲಾ ಅವರೊಡನೆ ರಚಿಸಿದ ಭಾರತೀಯ ಶಿಕ್ಷಣದ ಇತಿಹಾಸವು ಅಧ್ಯಾಪಕ ತರಬೇತಿಯ ವಿದ್ಯಾರ್ಥಿಗಳಿಗೆ ದೀರ್ಘಕಾಲ ಆಧಾರಗ್ರಂಥವಾಗಿತ್ತು. ಏಕೋಪಾಧ್ಯಾಯ ಶಾಲೆಗಳನ್ನು ಕುರಿತು ಪ್ರತ್ಯೇಕ ಪುಸ್ತಕವನ್ನೇ ಬರೆದಿರುವುದು ಅವರ ದೃಷ್ಟಿ ಎಲ್ಲಿ ನೆಟ್ಟಿತ್ತೆಂಬುದನ್ನು ಸೂಚಿಸುತ್ತದೆ. ಒಂದೇ ಕೋಣೆಯಲ್ಲಿ ಹಲವು ತರಗತಿಗಳನ್ನು ಒಬ್ಬಂಟಿಯಾಗಿ ನಿಭಾಯಿಸುವ ಶಿಕ್ಷಕನಿಗೆ ಸಂದೇಹ ಕೇಳಲು ಸಹೋದ್ಯೋಗಿಯಿಲ್ಲ, ಓದಲು ಗ್ರಂಥಾಲಯವಿಲ್ಲ, ರಜೆಯ ಮೇಲೆ ಹೋದರೆ ಶಾಲೆಯ ಬಾಗಿಲೇ ಮುಚ್ಚುತ್ತದೆ.

1950ರ ದಶಕದ ಕೊನೆಯ ವೇಳೆಗೆ ನಾಯಕರು ಕೇಂದ್ರ ಶಿಕ್ಷಣ ಮಂತ್ರಾಲಯದ ಸಲಹೆಗಾರರಾಗಿ ದೆಹಲಿಯಲ್ಲಿದ್ದರು. ಈ ಹುದ್ದೆಗೆ ಅವರು ಕೇವಲ ಸಾಂಕೇತಿಕ ವೇತನವನ್ನು ಪಡೆಯುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. 1961ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನ ಮತ್ತು ತರಬೇತಿ ಪರಿಷತ್ತು ಅಸ್ತಿತ್ವಕ್ಕೆ ಬಂದಿತು. ಅದರ ಆವರಣವಿರುವುದು ಹೌಜ್ ಖಾಸ್ ಪರಿಸರದ ಶ್ರೀ ಅರವಿಂದ ಮಾರ್ಗದಲ್ಲಿ. ಅಲ್ಲಾವುದ್ದೀನ್ ಖಿಲ್ಜಿ ಕಟ್ಟಿಸಿದ ಕೆರೆಯ ದಂಡೆಯ ಮೇಲೆ ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ನಿರ್ಮಿಸಿದ ಮದರಸಾದ ಅವಶೇಷಗಳು ಇಂದಿಗೂ ಉಳಿದಿರುವ ಸ್ಥಳವಿದು. ಪ್ರಾಚೀನ ವಿದ್ಯಾಕೇಂದ್ರದ ನೆರೆಯಲ್ಲಿಯೇ ಆಧುನಿಕ ಭಾರತದ ಶಿಕ್ಷಕ ಶಿಕ್ಷಣದ ಕೇಂದ್ರವೂ ನೆಲೆಗೊಂಡಿತು. 1963ರಲ್ಲಿ ಮೈಸೂರಿನಲ್ಲಿ ಪರಿಷತ್ತಿನ ಪ್ರಾದೇಶಿಕ ಕಾಲೇಜು ತೆರೆದು ಕನ್ನಡ ನಾಡಿಗೂ ಅದರ ಸಂಪರ್ಕ ಒದಗಿತು. ಆದರೆ ಹೌಜ್ ಖಾಸ್‌ನಲ್ಲಿ ಸಿದ್ಧವಾದ ಜ್ಞಾನವು ಉಪ್ಪಿನ ಬೆಟಗೇರಿಯಂಥ ಹಳ್ಳಿಯ ಶಿಕ್ಷಕನನ್ನು ತಲಪುವ ಬಗೆ ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು.

ಈ ಪ್ರಶ್ನೆಗೆ ಉತ್ತರವನ್ನು ಅರಸುವ ಅವಕಾಶವು 1964ರಲ್ಲಿ ಒದಗಿತು. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗಕ್ಕೆ ನಾಯಕರು ಸದಸ್ಯ ಕಾರ್ಯದರ್ಶಿಯಾದರು. 1966ರ ಜೂನ್‌ನಲ್ಲಿ ಸಲ್ಲಿಕೆಯಾದ ವರದಿಯ ಸಂಯೋಜನೆಯಲ್ಲಿ ಅವರ ಪಾಲು ಹಿರಿದು. ಅಧ್ಯಾಪಕ ಶಿಕ್ಷಣವು ವಿಶ್ವವಿದ್ಯಾಲಯಗಳಿಂದಲೂ ಶಾಲೆಗಳಿಂದಲೂ ದೂರವಾಗಿದೆ, ತರಬೇತಿ ಸಂಸ್ಥೆಗಳು ಪರಸ್ಪರವೂ ಬೇರ್ಪಟ್ಟಿವೆ ಎಂದು ವರದಿ ಗುರುತಿಸಿತು. ಪ್ರತಿಯೊಬ್ಬ ಶಿಕ್ಷಕನಿಗೂ ಐದು ವರ್ಷಗಳ ಸೇವೆಯಲ್ಲಿ ಎರಡು ಮೂರು ತಿಂಗಳ ಸೇವಾಂತರ್ಗತ ಶಿಕ್ಷಣ ದೊರೆಯಬೇಕೆಂದು ಶಿಫಾರಸು ಮಾಡಿತು. ವೃತ್ತಿಗೆ ಸೇರುವ ಮುನ್ನ ಪಡೆದ ಒಂದು ತರಬೇತಿಯು ಜೀವಮಾನಕ್ಕೆಲ್ಲ ಸಾಕೆಂಬ ಭಾವನೆಯನ್ನು ಅದು ನಿರಾಕರಿಸಿತು.

ಇದಕ್ಕೆ ಪೂರಕವಾದುದೇ ಶಾಲಾ ಸಂಕೀರ್ಣದ ಯೋಜನೆ. ಒಂದು ಹಿರಿಯ ಪ್ರಾಥಮಿಕ ಶಾಲೆಯೊಡನೆ ಸುತ್ತಲಿನ ಸುಮಾರು ಹತ್ತು ಕಿರಿಯ ಪ್ರಾಥಮಿಕ ಶಾಲೆಗಳು, ಅಂಥ ಹಿರಿಯ ಶಾಲೆಗಳೊಡನೆ ಒಂದು ಪ್ರೌಢಶಾಲೆ, ಹೀಗೆ ಎರಡು ಹಂತಗಳಲ್ಲಿ ಶಾಲೆಗಳನ್ನು ಜೋಡಿಸುವುದು ಅದರ ಸ್ವರೂಪ. ಪುಸ್ತಕಗಳೂ ಉಪಕರಣಗಳೂ ಶಾಲೆಯಿಂದ ಶಾಲೆಗೆ ಸಂಚರಿಸಬೇಕು. ನೆರೆಯ ಶಾಲೆಗಳ ಶಿಕ್ಷಕರು ಒಂದೆಡೆ ಕಲೆತು ಬೋಧನೆಯ ಸಮಸ್ಯೆಗಳನ್ನು ಚರ್ಚಿಸಬೇಕು. ದೂರದ ನಗರದ ಶಿಬಿರಕ್ಕೆ ಹೋಗಿ ಬರುವುದಷ್ಟೇ ತರಬೇತಿಯೆನಿಸದೆ, ಶಿಕ್ಷಕರು ಪರಸ್ಪರರಿಂದ ಕಲಿಯುವ ನಿರಂತರ ವ್ಯವಸ್ಥೆಯೊಂದು ನೆರೆಹೊರೆಯಲ್ಲಿಯೇ ರೂಪುಗೊಳ್ಳಬೇಕೆಂಬುದು ಇದರ ತಿರುಳು.

ಈ ಯೋಜನೆಯು ಕೆಲವೆಡೆ ಪ್ರಯೋಗಕ್ಕೆ ಬಂದರೂ ದೇಶವ್ಯಾಪಿಯಾಗಿ ಬೇರೂರಲಿಲ್ಲ. ತಾವೇ ಕಟ್ಟಿದ ವರದಿಯ ಭವಿತವ್ಯವನ್ನು ನಿರ್ಮೋಹದಿಂದ ಪರಾಮರ್ಶಿಸಿದುದು ನಾಯಕರ ವ್ಯಕ್ತಿತ್ವದ ವೈಶಿಷ್ಟ್ಯ. ಶಿಫಾರಸುಗಳಲ್ಲಿ ಯಾವುವು ಫಲಿಸಿದವು, ಯಾವುವು ಕಾಗದದಲ್ಲಿಯೇ ಉಳಿದವು ಎಂಬುದನ್ನು ಪರಿಶೀಲಿಸುವ ಅವರ ಗ್ರಂಥವು 1982ರಲ್ಲಿ ಬೆಳಕು ಕಂಡಿತು. ಅದಕ್ಕೆ ಮೊದಲೇ, 1981ರ ಆಗಸ್ಟ್ 30ರಂದು, ಅವರು ತೀರಿಕೊಂಡಿದ್ದರು.

ಅವರ ನಿಧನಾನಂತರ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದವು. 1990ರ ದಶಕದಿಂದೀಚೆಗೆ ಸಮೂಹ ಸಂಪನ್ಮೂಲ ಕೇಂದ್ರಗಳು ಬಂದವು. 2020ರ ನೀತಿಯು ಶಾಲಾ ಸಂಕೀರ್ಣದ ಕಲ್ಪನೆಯನ್ನು ಮತ್ತೆ ಮುಂದಿಟ್ಟು, ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಅಭಿವೃದ್ಧಿಯನ್ನು ನಿರೀಕ್ಷಿಸಿದೆ. ಗಂಟೆಗಳ ಲೆಕ್ಕ ಸುಲಭ. ಆ ಅವಧಿಯಲ್ಲಿ ಶಿಕ್ಷಕನು ಆದೇಶಗಳನ್ನು ಆಲಿಸುತ್ತಾನೆಯೋ, ತನ್ನ ತರಗತಿಯ ಅನುಭವವನ್ನು ಮಂಡಿಸಿ ಚರ್ಚಿಸುತ್ತಾನೆಯೋ ಎಂಬುದು ನಿರ್ಣಾಯಕ. ಸಮೂಹ ಸಭೆಗಳು ಸುತ್ತೋಲೆ ಓದುವ, ಅಂಕಿಅಂಶ ಒಪ್ಪಿಸುವ ಕೂಟಗಳಾಗಿ ಮುಗಿದರೆ ನಾಯಕರ ಕಲ್ಪನೆಯ ಹೆಸರು ಮಾತ್ರ ಉಳಿಯುತ್ತದೆ. ಕನ್ನಡ ಅಧ್ಯಾಪಕರನ್ನು ಸಿದ್ಧಗೊಳಿಸುವ ವಿಶ್ವವಿದ್ಯಾಲಯ ವಿಭಾಗಗಳೂ ಈ ವಿಚಾರದಲ್ಲಿ ಹೊಣೆಗಾರರೇ. ವಿಶ್ವವಿದ್ಯಾಲಯ ಹಾಗೂ ಶಾಲೆಗಳ ನಡುವಣ ದೂರವನ್ನು 1966ರ ವರದಿ ಎತ್ತಿ ತೋರಿದ್ದು ನಮ್ಮನ್ನೂ ಉದ್ದೇಶಿಸಿಯೇ ಆಗಿತ್ತು.