ಕತ್ತಿ ನುಂಗುವವನಿಗೆ ಪೈಪ್ ನುಂಗಿಸಿದ ಡಾಕ್ಟರ್: ಎಂಡೋಸ್ಕೋಪಿಗೆ ಹೆದರುವ ಮುನ್ನ ಇವರ ಕಥೆ ಓದಿ

ಬಾಯಿಂದ ಪೈಪ್ ಹಾಕಿದರೆ ಉಸಿರು ಕಟ್ಟುತ್ತದೆ, ಗಂಟಲು ಹರಿಯುತ್ತದೆ, ಒಳಗಿನ ತುಣುಕು ತೆಗೆದರೆ ಕ್ಯಾನ್ಸರ್ ಮೈತುಂಬಾ ಹರಡುತ್ತದೆ. ಇಂಥ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಎಂಡೋಸ್ಕೋಪಿಗೆಂದು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟವರು ಇದನ್ನು ನಂಬಿ ಬಸ್ ಹತ್ತದೇ ಉಳಿದರೆ ನಷ್ಟ ಅವರದ್ದೇ. ಈ ಮೂರೂ ಮಾತು ಸುಳ್ಳು. ಯಾಕೆ ಸುಳ್ಳು ಎಂದು ತಿಳಿಯಲು, ಹೊಟ್ಟೆಯೊಳಗೆ ಇಣುಕುವ ಸಾಹಸಕ್ಕೆ ಮೊದಲು ಕೈಹಾಕಿದವರ ಬದುಕನ್ನೇ ನೋಡೋಣ.

ಅವರ ಹೆಸರು ಅಡಾಲ್ಫ್ ಕುಸ್ಮೌಲ್. ಜರ್ಮನ್ ಭಾಷೆಯಲ್ಲಿ ಮೌಲ್ ಎಂದರೆ ಬಾಯಿ, ಕಾಕತಾಳೀಯವೇ ಇರಬೇಕು! 1822ರ ಫೆಬ್ರವರಿ 22ರಂದು ಕಾರ್ಲ್ಸ್‌ರೂಹೆ ಬಳಿಯ ಗ್ರಾಬೆನ್ ಎಂಬ ಊರಿನಲ್ಲಿ ಹುಟ್ಟಿದರು. ಅಪ್ಪನೂ ವೈದ್ಯರೇ. ಹೈಡೆಲ್‌ಬರ್ಗ್‌ನಲ್ಲಿ ಓದುವಾಗಲೇ ಕಣ್ಣಿನ ಪಾಪೆ ಯಾಕೆ ಕಪ್ಪಗೆ ಕಾಣುತ್ತದೆ, ಅದರ ಹಿಂದಿನ ಪರದೆಯನ್ನು ನೋಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡರು. ಉಪಕರಣದ ಯೋಚನೆಯೂ ಬಂತು, ಆದರೆ ಕಣ್ಣಿನೊಳಗೆ ಬೆಳಕು ಬಿಡುವ ದಾರಿ ಸಿಗಲಿಲ್ಲ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಆ ಕೆಲಸ ಸಾಧಿಸಿ ಹೆಸರು ಮಾಡಿದರು.

ಕುಸ್ಮೌಲ್ ಸ್ವಲ್ಪ ಕಾಲ ಸೈನ್ಯದಲ್ಲಿ ವೈದ್ಯರಾಗಿದ್ದರು. ಆಮೇಲೆ ಕಾಂಡರ್ನ್ ಎಂಬ ಸಣ್ಣ ಊರಿನಲ್ಲಿ ಮಲೆನಾಡಿನ ಡಾಕ್ಟರರಂತೆ ಹಳ್ಳಿ ಹಳ್ಳಿ ಸುತ್ತಿದರು. ಅಲ್ಲಿ ತೀವ್ರ ಕಾಯಿಲೆ ಬಿದ್ದು ಕಾಲುಗಳ ಸ್ವಾಧೀನ ತಪ್ಪಿತು. ಚೇತರಿಸಿಕೊಂಡರೂ ಆ ಓಡಾಟ ಇನ್ನು ಆಗದು ಎಂದು ಮತ್ತೆ ಓದಲು ಹೋದರು, ಪ್ರೊಫೆಸರ್ ಆದರು. ನಡುವೆ ಗೆಳೆಯನ ಜೊತೆ ಸೇರಿ ಬೀಡರ್‌ಮೈಯರ್ ಎಂಬ ಕಾಲ್ಪನಿಕ ಮೇಷ್ಟ್ರ ಹೆಸರಲ್ಲಿ ಹಾಸ್ಯ ಪದ್ಯಗಳನ್ನೂ ಬರೆದರು. ಮುಂದೆ ಒಂದು ಇಡೀ ಕಾಲಘಟ್ಟದ ಕಲೆ, ಪೀಠೋಪಕರಣಕ್ಕೆ ಆ ಹೆಸರೇ ಅಂಟಿಕೊಂಡಿತು.

1863ರಲ್ಲಿ ಫ್ರೈಬರ್ಗ್‌ಗೆ ಬಂದರು. ಜಠರದ ಬಾಗಿಲು ಕಟ್ಟಿಕೊಂಡು, ತಿಂದದ್ದೆಲ್ಲ ವಾಂತಿಯಾಗಿ ಸೊರಗಿದ್ದ ರೋಗಿಗಳಿಗೆ 1867ರಲ್ಲಿ ಕೊಳವೆ ಇಳಿಸಿ ಹೊಟ್ಟೆ ತೊಳೆಯತೊಡಗಿದರು. ಅಲ್ಲಿಯವರೆಗೆ ಆ ಪಂಪು ವಿಷ ಕುಡಿದವರಿಗೆ ಮಾತ್ರ ಬಳಕೆಯಲ್ಲಿತ್ತು. ಒಳಗಿನದನ್ನು ಹೊರಗೆ ತೆಗೆಯಬಹುದಾದರೆ ಒಳಗೇ ನೋಡಬಾರದೇಕೆ?

ಉತ್ತರ ಸಿಕ್ಕಿದ್ದು ಕತ್ತಿ ನುಂಗುವವನಿಂದ. ನಮ್ಮ ಜಾತ್ರೆಗಳಲ್ಲೂ ಇಂಥವರನ್ನು ನೋಡಿದ ಹಿರಿಯರು ಇದ್ದಾರೆ. ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿದರೆ ಬಾಯಿ, ಗಂಟಲು, ಅನ್ನನಾಳ ಹೆಚ್ಚುಕಡಿಮೆ ಒಂದೇ ಗೆರೆಗೆ ಬರುತ್ತವೆ. 1868ರಲ್ಲಿ ಕುಸ್ಮೌಲ್ ಅಂಥವನೊಬ್ಬನಿಗೆ ಸುಮಾರು 47 ಸೆಂ.ಮೀ. ಉದ್ದ, 13 ಮಿ.ಮೀ. ದಪ್ಪದ, ಬಾಗದ ಲೋಹದ ಕೊಳವೆಯನ್ನು ನುಂಗಿಸಿದರು. ಅವನು ನಿರಾಯಾಸವಾಗಿ ನುಂಗಿದ. ಆದರೆ ದೀಪ ಕೈಕೊಟ್ಟಿತು. ಹೊರಗೆ ಉರಿಯುವ ದೀಪದ ಬೆಳಕನ್ನು ಕನ್ನಡಿಯಿಂದ ಒಳಗೆ ಹಾಯಿಸಬೇಕಿತ್ತು. ಅಷ್ಟು ಆಳಕ್ಕೆ ಅದು ಮುಟ್ಟಲೇ ಇಲ್ಲ, ಜೊತೆಗೆ ಹೊಟ್ಟೆಯ ರಸ ಅಡ್ಡ ಬಂತು. ಎರಡನೇ ಬಾರಿಗೆ ಬೆಳಕೇ ಅವರನ್ನು ಸೋಲಿಸಿತು. ಎಲ್ಲ ರೋಗಿಗಳೂ ಕತ್ತಿ ನುಂಗುವವರಲ್ಲವಲ್ಲ, ಪ್ರಯತ್ನ ಅಲ್ಲಿಗೇ ಬಿಟ್ಟರು. ನಮಗೆ ಅವರ ಬಗ್ಗೆ ಗೌರವ ಹೆಚ್ಚಾಗುವುದು ಇಲ್ಲೇ: ಕಾಣದ್ದನ್ನು ಕಂಡೆನೆಂದು ಅವರು ಹೇಳಿಕೊಳ್ಳಲಿಲ್ಲ.

ಈ ಸಾಹಸದಲ್ಲೇ ಮೊದಲ ಸುಳ್ಳಿಗೆ ಉತ್ತರವಿದೆ. ಕೊಳವೆ ಹೋಗುವುದು ಅನ್ನನಾಳಕ್ಕೆ, ಶ್ವಾಸನಾಳಕ್ಕಲ್ಲ. ಅದು ಒಳಗಿರುವಾಗಲೂ ಮೂಗಿನಿಂದ ಉಸಿರಾಡಬಹುದು. ಓಕರಿಕೆ ಬರುತ್ತದೆ, ಅದು ಸಹಜ.

1881ರಲ್ಲಿ ಮಿಕುಲಿಚ್ ವಿದ್ಯುತ್ ದೀಪ ಬಳಸಿ ಜಠರ ನೋಡಿದರು. ಪಂಜಾಬಿನ ನರೀಂದರ್ ಸಿಂಗ್ ಕಪಾನಿ, ಲಂಡನ್‌ನಲ್ಲಿ ಹಾಪ್ಕಿನ್ಸ್ ಜೊತೆ ಗಾಜಿನ ನಾರುಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿ 1954ರಲ್ಲಿ ಪ್ರಕಟಿಸಿದರು. ಅದರಿಂದ ಬಾಗುವ ಸ್ಕೋಪ್ ಹುಟ್ಟಿತು. ಇಂದಿನದು ಸುಮಾರು 1 ಸೆಂ.ಮೀ. ದಪ್ಪ, ಕಿರುಬೆರಳಿನಷ್ಟು, ತುದಿಯಲ್ಲೇ ಕ್ಯಾಮೆರಾ, ಬೆಳಕು. ಬರೀ ನೋಡುವುದಾದರೆ 5ರಿಂದ 10 ನಿಮಿಷ. ಗಂಟಲು ಹರಿಯುವಂಥ ಗಾಯ ಸಾವಿರಾರು ಜನರಲ್ಲಿ ಒಬ್ಬರಿಗೂ ಅಪರೂಪ. ತುಣುಕು ತೆಗೆದರೆ ಕ್ಯಾನ್ಸರ್ ಹರಡುವುದಿಲ್ಲ, ತುಣುಕು ತೆಗೆದರು ಎಂದ ಮಾತ್ರಕ್ಕೆ ಕ್ಯಾನ್ಸರ್ ಇದೆ ಎಂದೂ ಅಲ್ಲ, ಎಚ್. ಪೈಲೋರಿ ಬ್ಯಾಕ್ಟೀರಿಯಾ ಹುಡುಕಲೂ ತೆಗೆಯುತ್ತಾರೆ. ಗ್ಯಾಸ್ ಮಾತ್ರೆ ನುಂಗುತ್ತಿದ್ದರೆ ಆ ಪರೀಕ್ಷೆ ತಪ್ಪು ತೋರಿಸಬಹುದು, ಮೊದಲೇ ತಿಳಿಸಿ.

1874ರಲ್ಲಿ ಕುಸ್ಮೌಲ್ ಇನ್ನೊಂದು ದೊಡ್ಡ ಕೆಲಸ ಮಾಡಿದರು. ಸಕ್ಕರೆ ಕಾಯಿಲೆ ಮಿತಿಮೀರಿ ಪ್ರಜ್ಞೆ ತಪ್ಪುವವರು ಆಳವಾಗಿ, ಏದುಸಿರಿನಂತೆ ಉಸಿರಾಡುವುದನ್ನು ಗುರುತಿಸಿ ಬರೆದರು. ಇವತ್ತಿಗೂ ಅದು ಕುಸ್ಮೌಲ್ ಉಸಿರಾಟ. ಇದು ನಿಮಗೆ ಬೇಕಾದ ಮಾಹಿತಿ, ಏಕೆಂದರೆ ಎಂಡೋಸ್ಕೋಪಿಗೆ ಸಾಮಾನ್ಯವಾಗಿ 6ರಿಂದ 8 ಗಂಟೆ ಊಟ ಬಿಡಬೇಕು. ಖಾಲಿ ಹೊಟ್ಟೆಯಲ್ಲವೇ ಎಂದು ಇನ್ಸುಲಿನ್ ಪೂರ್ತಿ ಬಿಟ್ಟರೆ ಕೆಲವರು ಅದೇ ಉಸಿರಾಟದ ಸ್ಥಿತಿಗೆ ಹೋಗುತ್ತಾರೆ. ಎಂದಿನಷ್ಟೇ ಚುಚ್ಚಿಕೊಂಡರೆ ಸಕ್ಕರೆ ಕುಸಿಯುತ್ತದೆ. ಎಷ್ಟು ಎಂದು ಡಾಕ್ಟರನ್ನೇ ಕೇಳಿ. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯವೂ ಹಾಗೆಯೇ, ನೀವೇ ನಿಲ್ಲಿಸಬೇಡಿ.

ಅಡಿಕೆ ಸೀಮೆಯ ನಮಗೆ ಇನ್ನೊಂದು ಮಾತು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದವರಲ್ಲಿ ಹಲವರ ಬಾಯಿ ಬಿಗಿದು ಎರಡು ಬೆರಳಷ್ಟೂ ತೆರೆಯುವುದಿಲ್ಲ. ಹಲ್ಲಿನ ನಡುವೆ ಇಡುವ ರಕ್ಷಕ ಬಳೆಯೇ ಹಿಡಿಸದು. ನಾಚಿಕೆಪಡದೆ ಮೊದಲೇ ಹೇಳಿದರೆ ತೆಳು ಸ್ಕೋಪನ್ನು ಮೂಗಿನಿಂದ ಹಾಕುವ ದಾರಿಯೂ ಇದೆ. ಅಡಿಕೆ ಸಹಿತ ತಾಂಬೂಲ ಅನ್ನನಾಳದ ಕ್ಯಾನ್ಸರಿಗೂ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಗುರುತಿಸಿದೆ. ಹಾಗಾಗಿ ಮುದ್ದೆ, ಅನ್ನ ಗಂಟಲಲ್ಲಿ ಸಿಕ್ಕಿದಂತಾದರೆ ಕಷಾಯ ಕುಡಿದು ತಿಂಗಳು ಕಳೆಯಬೇಡಿ. ಕಾರಣವಿಲ್ಲದೆ ತೂಕ ಇಳಿದರೂ ಅಷ್ಟೇ. ಮಲ ಡಾಂಬರಿನಂತೆ ಕಪ್ಪಾಗಿ ಅಂಟುವಂತಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು, ಅಂದೇ ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಆದರೆ ಅದನ್ನು ನಿರ್ಧರಿಸುವವರು ನೀವಲ್ಲ.

ಕುಸ್ಮೌಲ್ 1876ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ಹೋದರು, 1888ರಲ್ಲಿ ನಿವೃತ್ತರಾಗಿ ಹೈಡೆಲ್‌ಬರ್ಗ್‌ಗೆ ಮರಳಿದರು, 1902ರ ಮೇ 28ರಂದು 80ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು.

ನೀವು ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಅಥವಾ ಖಾಸಗಿಗೆ, ಕಟ್ಟಿಸಿದ ಹಲ್ಲು ತೆಗೆದಿಟ್ಟು, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರೆ 24 ಗಂಟೆ ಗಾಡಿ ಮುಟ್ಟಬಾರದು. ಚೆನ್ನಾಗಿಯೇ ಇದ್ದೇನೆ ಎನಿಸಿದರೂ ಬಿ.ಎಚ್. ರಸ್ತೆಯಲ್ಲಿ ಬೈಕ್ ಓಡಿಸಿಕೊಂಡು ಭದ್ರಾವತಿಗೆ ಹೊರಡಬೇಡಿ. ಸ್ಪ್ರೇಯಿಂದ ಮರಗಟ್ಟಿದ ಗಂಟಲು ಸರಿಹೋಗುವವರೆಗೆ ಕಾಫಿಯೂ ಬೇಡ, ಶ್ವಾಸನಾಳಕ್ಕೆ ಇಳಿದೀತು. ಒಂದೆರಡು ದಿನ ಗಂಟಲು ಕೆರೆದಂತಾಗುವುದು ಮಾಮೂಲು. ಜೋರಾದ ಎದೆನೋವು ಅಥವಾ ಹೊಟ್ಟೆನೋವು, ಜ್ವರ, ರಕ್ತವಾಂತಿ ಬಂದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ವಾಪಸ್ ಹೋಗಿ.