ಎಲ್ಲರಿಗೂ ಬಾಗಿಲು ತೆರೆದ ನಾಲ್ವಡಿ ಕೃಷ್ಣರಾಜ ಒಡೆಯರ್

ಹೋದ ತಿಂಗಳು ನಮ್ಮ ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಯಲ್ಲಿ ಮೀಸಲಾತಿಯ ಬಗ್ಗೆ ಚರ್ಚಾ ಸ್ಪರ್ಧೆ ನಡೆಯಿತು. ನಾನು ಪರವಾಗಿ ಮಾತಾಡಿದೆ. ಹೆಚ್ಚು ಅಂಕ ತೆಗೆದವನನ್ನು ಬಿಟ್ಟು ಕಡಿಮೆ ಅಂಕದವನಿಗೆ ಸೀಟು, ಕೆಲಸ ಕೊಡುವುದು ಯಾವ ನ್ಯಾಯ ಎಂದು ಎದುರು ಕಡೆಯ ಗೆಳೆಯ ಕೇಳಿದ. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಡಿಗ್ರಿ ಅರ್ಜಿಯಲ್ಲಿ ನಾನೂ 2ಬಿ ಎಂದು ಬರೆಯುವವನು. ಹಾಗಾಗಿ ಆ ಪ್ರಶ್ನೆ ನನ್ನೊಬ್ಬನನ್ನೇ ಕೇಳಿದಂತಾಯಿತು. ಮರುದಿನ ನಮ್ಮ ಕನ್ನಡ ಉಪನ್ಯಾಸಕರು ಗ್ರಂಥಾಲಯದಿಂದ ನಾಲ್ವಡಿ ಕೃಷ್ಣರಾಜ ಒಡೆಯರ ಜೀವನ ಚರಿತ್ರೆಯನ್ನು ತೆಗೆದುಕೊಟ್ಟರು. ನೂರು ವರ್ಷಗಳ ಹಿಂದೆಯೇ ಇದೇ ಪ್ರಶ್ನೆ ಮೈಸೂರಿನ ಅರಮನೆಯ ಮುಂದೆ ಬಂದಿತ್ತು ಎಂದು ಓದಿದಾಗ ಆಶ್ಚರ್ಯವಾಯಿತು.

ನಾಲ್ವಡಿಯವರು 1884ರ ಜೂನ್ 4ರಂದು ಮೈಸೂರಿನಲ್ಲಿ ಹುಟ್ಟಿದರು. ತಂದೆ ಚಾಮರಾಜ ಒಡೆಯರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ಹೋಗಿದ್ದಾಗ ಕಾಯಿಲೆ ಬಿದ್ದು ಅಲ್ಲಿಯೇ ತೀರಿಕೊಂಡರು. ಆಗ ಮಗನಿಗೆ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯವನ್ನು ನಡೆಸಿದರು. ಬಾಲಕ ಅರಸರಿಗೆ ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿ ಗುರುಗಳಾಗಿದ್ದರು. ಅರಸರ ಜೊತೆ ಓದಲು ಕೆಲವು ಹುಡುಗರನ್ನು ಸೇರಿಸಿದ್ದರು. ಅವರಲ್ಲಿ ಒಬ್ಬರು ಮಿರ್ಜಾ ಇಸ್ಮಾಯಿಲ್. ಅವರ ಅಜ್ಜ ಇರಾನಿನಿಂದ ಕುದುರೆ ವ್ಯಾಪಾರಕ್ಕೆ ಬೆಂಗಳೂರಿಗೆ ಬಂದವರು. ಆ ಸ್ನೇಹ ಕೊನೆಯವರೆಗೂ ಉಳಿಯಿತು.

1902ರ ಆಗಸ್ಟ್‌ನಲ್ಲಿ ಹದಿನೆಂಟರ ಅರಸರು ಪೂರ್ಣಾಧಿಕಾರ ಪಡೆದರು. ಮುಂದಿನ ಕೆಲಸಗಳು ನಮಗೆಲ್ಲ ಗೊತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದವು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಶ್ರಮ ಇವುಗಳ ಹಿಂದಿತ್ತು. ಅರಸರೂ ದಿವಾನರೂ ಜೊತೆಯಾಗಿ ರಾಜ್ಯವನ್ನು ಮುಂದೆ ತಂದರು.

ಆದರೆ ಒಂದು ವಿಷಯದಲ್ಲಿ ಇಬ್ಬರ ದಾರಿ ಬೇರೆಯಾಯಿತು. ಶಾಲೆ, ಕಾಲೇಜು, ಕಚೇರಿಗಳು ಹೆಚ್ಚಿದ್ದವು ನಿಜ. ಆ ಕಚೇರಿಗಳ ಕುರ್ಚಿಯಲ್ಲಿ ಕೂತವರು ಯಾರು ಎಂದು ನೋಡಿದರೆ, ಗೆಜೆಟೆಡ್ ಹುದ್ದೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬ್ರಾಹ್ಮಣರ ಕೈಯಲ್ಲಿತ್ತು. ಜನಸಂಖ್ಯೆಯಲ್ಲಿ ಅವರು ನೂರಕ್ಕೆ ನಾಲ್ಕರಷ್ಟೂ ಇರಲಿಲ್ಲ. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು, ಕುಶಲಕರ್ಮಿಗಳು ಇವರೆಲ್ಲ ಕಂದಾಯ ಕಟ್ಟುವವರು, ಆದರೆ ಕಚೇರಿಯೊಳಗೆ ಅವರು ಅಪರೂಪ. ಅಸ್ಪೃಶ್ಯರೆನಿಸಿಕೊಂಡವರಿಗಂತೂ ಶಾಲೆಯ ಬಾಗಿಲೇ ಕಷ್ಟವಾಗಿತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಎಂಬ ಸಂಘಟನೆ ಹುಟ್ಟಿತು. ಮರುವರ್ಷ ಅದರ ಮುಖಂಡರು ಮಹಾರಾಜರನ್ನು ಕಂಡು, ತಮ್ಮ ಜನರಿಗೂ ವಿದ್ಯಾಭ್ಯಾಸದಲ್ಲಿ, ನೌಕರಿಯಲ್ಲಿ ಪಾಲು ಬೇಕೆಂದು ಮನವಿ ಕೊಟ್ಟರು.

ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ಹಿಂದುಳಿದವರಿಗೆ ಶಾಲೆ ಕಟ್ಟಿಸೋಣ, ವಿದ್ಯಾರ್ಥಿವೇತನ ಕೊಡೋಣ, ಆದರೆ ಹುದ್ದೆಯನ್ನು ಮಾತ್ರ ಯೋಗ್ಯತೆ ನೋಡಿಯೇ ಕೊಡಬೇಕು, ಇಲ್ಲದಿದ್ದರೆ ಆಡಳಿತ ಕೆಡುತ್ತದೆ ಎಂಬುದು ಅವರ ವಾದ. ಇದನ್ನು ಓದುವಾಗ ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಅವರ ಬಾಲ್ಯ ನೆನಪಾಯಿತು. ಮುದ್ದೇನಹಳ್ಳಿಯ ಹುಡುಗ ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಓದಿದವರು. ಅವರನ್ನು ಮೇಲೆ ತಂದದ್ದು ಓದೊಂದೇ. ಅಂಥವರು ಓದನ್ನೇ ನಂಬಿದ್ದರಲ್ಲಿ ತಪ್ಪೇನಿದೆ?

ಮಹಾರಾಜರ ಇಕ್ಕಟ್ಟು ದೊಡ್ಡದು. ಒಂದು ಕಡೆ ರಾಜ್ಯಕ್ಕೆ ಹೆಸರು ತಂದ ದಿವಾನರು, ಇನ್ನೊಂದು ಕಡೆ ಬಾಗಿಲ ಹೊರಗೆ ನಿಂತ ಪ್ರಜೆಗಳು. ಅವರು ಪ್ರಜೆಗಳ ಮನವಿಯನ್ನು ತಳ್ಳಿಹಾಕಲಿಲ್ಲ. 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಅದರ ಸದಸ್ಯರಲ್ಲಿ ಗುಲಾಮ್ ಅಹ್ಮದ್ ಕಲಾಮಿ ಎಂಬ ಮುಸ್ಲಿಂ ಮುಖಂಡರೂ ಇದ್ದರು. ಅದೇ ವರ್ಷದ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ಪದವಿ ಬಿಟ್ಟರು.

ಸಮಿತಿಯ ವರದಿ 1919ರಲ್ಲಿ ಬಂತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗುವಂತಾಗಬೇಕು, ಹಿಂದುಳಿದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಬೇಕು ಎಂದು ಅದು ಹೇಳಿತು. ನನ್ನ ಗೆಳೆಯನ ಪ್ರಶ್ನೆಗೂ ಅದರಲ್ಲಿ ಉತ್ತರವಿತ್ತು. ಒಳ್ಳೆಯ ಅಧಿಕಾರಿಯನ್ನು ಪರೀಕ್ಷೆಯ ಅಂಕದಿಂದ ಮಾತ್ರ ಅಳೆಯಬಾರದು, ಜನರ ಮೇಲಿನ ಕರುಣೆ, ಪ್ರಾಮಾಣಿಕತೆ, ಚುರುಕುತನ, ವ್ಯವಹಾರ ಜ್ಞಾನ ಇವೂ ಯೋಗ್ಯತೆಯೇ ಎಂಬುದು ಸಮಿತಿಯ ಅಭಿಪ್ರಾಯ. ಸಮಿತಿಯೊಳಗೇ ಭಿನ್ನಾಭಿಪ್ರಾಯವಿತ್ತು. ಆದರೂ 1921ರಲ್ಲಿ ಸರ್ಕಾರ ಶಿಫಾರಸುಗಳನ್ನು ಒಪ್ಪಿ ಆದೇಶ ಹೊರಡಿಸಿತು. ಕೊಲ್ಲಾಪುರದ ಶಾಹು ಮಹಾರಾಜರು 1902ರಲ್ಲೇ ಇಂಥ ಆದೇಶ ಮಾಡಿದ್ದರು. ಅವರ ನಂತರ ಈ ದಾರಿಯಲ್ಲಿ ನಡೆದ ಮೊದಲ ಸಂಸ್ಥಾನಗಳಲ್ಲಿ ಮೈಸೂರೂ ಒಂದು.

ಆ ಆದೇಶದಲ್ಲಿ ಕೊರತೆಯೂ ಇತ್ತು. ಬ್ರಾಹ್ಮಣೇತರರನ್ನೆಲ್ಲ ಒಂದೇ ಗುಂಪೆಂದು ಎಣಿಸಿದರೆ, ಗುಂಪಿನೊಳಗೆ ಸ್ವಲ್ಪ ಮುಂದಿರುವವರೇ ಮೊದಲು ಒಳಗೆ ಹೋಗುತ್ತಾರೆ. ಬಡ ಬ್ರಾಹ್ಮಣ ಹುಡುಗನ ಕಷ್ಟವೂ ಆ ಲೆಕ್ಕದಲ್ಲಿ ಕಾಣುವುದಿಲ್ಲ. ಯಾರು ಹಿಂದುಳಿದವರು, ಎಷ್ಟು ಹಿಂದುಳಿದವರು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ದೇವರಾಜ ಅರಸರ ಕಾಲದ ಹಾವನೂರು ಆಯೋಗವೂ ಇದನ್ನೇ ಮತ್ತೆ ಅಳೆಯಬೇಕಾಯಿತು.

1926ರಲ್ಲಿ ನಾಲ್ವಡಿಯವರು ಹಳೆಯ ಸಹಪಾಠಿ ಮಿರ್ಜಾ ಇಸ್ಮಾಯಿಲರನ್ನು ದಿವಾನರನ್ನಾಗಿ ಮಾಡಿದರು. ಹಿಂದೂ ಅರಸರ ರಾಜ್ಯವನ್ನು ಮುಸ್ಲಿಂ ದಿವಾನರು ನಡೆಸಿದರು, ರಾಜ್ಯ ಇನ್ನಷ್ಟು ಬೆಳೆಯಿತು. 1940ರ ಆಗಸ್ಟ್ 3ರಂದು ಮಹಾರಾಜರು ಬೆಂಗಳೂರಿನಲ್ಲಿ ನಿಧನರಾದರು. ಅವರಿಗೆ ಆಗ ಐವತ್ತಾರು ವರ್ಷ. ಜನ ಅವರನ್ನು ಇಂದಿಗೂ ರಾಜರ್ಷಿ ಎನ್ನುತ್ತಾರೆ.

ಸ್ನೇಹಿತರೇ, ಈಗ ನನ್ನ ಗೆಳೆಯನಿಗೆ ನಾನು ಉತ್ತರ ಕೊಡಬಲ್ಲೆ. ಅಕೌಂಟೆನ್ಸಿಯಲ್ಲಿ ಆರಂಭಿಕ ಶಿಲ್ಕು ನೋಡದೆ ಅಂತಿಮ ಶಿಲ್ಕು ಮಾತ್ರ ನೋಡಿದರೆ ಯಾರು ಎಷ್ಟು ದುಡಿದರು ಎಂದು ತಿಳಿಯುವುದಿಲ್ಲ. ನನ್ನ ದಾದಾ ಶಾಲೆಯ ಮುಖ ಕಂಡವರಲ್ಲ. ಅಬ್ಬಾ ಏಳನೇ ತರಗತಿಗೆ ಬಿಟ್ಟು ವೆಲ್ಡಿಂಗ್ ಕೆಲಸಕ್ಕೆ ಸೇರಿದರು. ಮನೆಯಲ್ಲಿ ಉರ್ದು ಮಾತು, ಕನ್ನಡವನ್ನು ನಾನು ಶಾಲೆಯಲ್ಲೇ ಕಲಿತೆ. ನಾನು ತೆಗೆದ ಅಂಕದಲ್ಲಿ ಇದು ಯಾವುದೂ ಕಾಣುವುದಿಲ್ಲ. ಆದರೆ ಗೆಳೆಯನ ಅಪ್ಪನೂ ಆಟೋ ಓಡಿಸಿ ಫೀಸು ಕಟ್ಟುವವರು ಎಂಬುದನ್ನು ನಾನು ಮರೆಯಬಾರದು. ಅವನ ಆರಂಭಿಕ ಶಿಲ್ಕನ್ನೂ ನೋಡುವವರು ಬೇಕು.

ನಾಲ್ವಡಿಯವರು ತೆರೆದ ಬಾಗಿಲಿನಿಂದ ಒಳಗೆ ಹೋಗುವ ನಮಗೂ ಒಂದು ಹೊಣೆ ಇದೆ. ಚೆನ್ನಾಗಿ ಓದಬೇಕು, ಸಿಕ್ಕ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಬೇಕು. ವಿಶ್ವೇಶ್ವರಯ್ಯನವರು ಆಡಳಿತ ಕೆಡುತ್ತದೆ ಎಂದು ಹೆದರಿದ್ದರು. ಆ ಹೆದರಿಕೆ ಸುಳ್ಳೆಂದು ತೋರಿಸಬೇಕಾದವರು ನಾವೇ.