ಎಮಿಲ್ ಲೆವಾಸೋರ್

ಮೋಟಾರು ಬಂಡಿಯ ಓಟದಲ್ಲಿ ಅಭಿರುಚಿಯುಳ್ಳವರ ನಡುವೆ ಮುಗಿಯದ ವಾದವೊಂದಿದೆ: ಗೇರನ್ನು ಕೈಯಿಂದ ಬದಲಿಸಬೇಕೇ, ಯಂತ್ರಕ್ಕೇ ಬಿಡಬೇಕೇ? ಗಡಿಯಾರವನ್ನು ಕೇಳಿದರೆ ಉತ್ತರ ಸುಲಭ. ಎರಡು ಕ್ಲಚ್ಚುಗಳ ಈಗಿನ ಆಟೋಮ್ಯಾಟಿಕ್ ಪೆಟ್ಟಿಗೆಯು ಮನುಷ್ಯನ ಕೈಗಿಂತ ಬೇಗ ಗೇರು ಬದಲಿಸುತ್ತದೆ. ಪೋರ್ಷೆ ಕಂಪನಿಯು 2013ರಲ್ಲಿ ತನ್ನ 911 ಜಿಟಿ3 ಕಾರನ್ನು ಅಂಥ ಪೆಟ್ಟಿಗೆಯೊಡನೆ ಮಾತ್ರ ಹೊರತಂದಿತು. ಆದರೆ 2016ರಲ್ಲಿ ಕೈಗೇರಿನ 911 ಆರ್ ಎಂಬುದನ್ನು ತಂದಿತು. ಮರುವರ್ಷ ಜಿಟಿ3ಗೂ ಕೈಗೇರು ಮರಳಿತು. ನಿಧಾನವೆಂದು ತಿಳಿದೂ ಜನ ಅದನ್ನು ಬಯಸುವುದೇಕೆ? ಕೈಗೇರನ್ನು ಬಂಡಿಯಲ್ಲಿ ನೆಲೆಗೊಳಿಸಿದವನ ಬಾಳನ್ನು ನೋಡಿದರೆ ಈ ವಾದಕ್ಕೆ ಬೇರೆಯೇ ಬೆಳಕು ಬೀಳುತ್ತದೆ.

ಎಮಿಲ್ ಲೆವಾಸೋರ್ 1843ರಲ್ಲಿ ಫ್ರಾನ್ಸಿನ ಮರೋಲ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಪ್ಯಾರಿಸಿನಲ್ಲಿ ಇಂಜಿನಿಯರಿಂಗ್ ಕಲಿತು, ಮರ ಕೊಯ್ಯುವ ಯಂತ್ರಗಳ ಕಾರ್ಖಾನೆಯೊಂದರಲ್ಲಿ ರೆನೆ ಪಾನಾರ್ ಎಂಬವನ ಪಾಲುಗಾರನಾದನು. ಜರ್ಮನಿಯ ಡೈಮ್ಲರನ ಇಂಜಿನ್ನನ್ನು ಫ್ರಾನ್ಸಿನಲ್ಲಿ ತಯಾರಿಸುವ ಹಕ್ಕು ಸರಾಜಿನ್ ಎಂಬ ವಕೀಲನ ಕೈಯಲ್ಲಿತ್ತು. ಅವನು 1887ರಲ್ಲಿ ತೀರಿಕೊಂಡ ಮೇಲೆ ಅವನ ಹೆಂಡತಿ ಲೂಯಿಸ್ ಆ ವ್ಯವಹಾರವನ್ನು ಕೈಬಿಡದೆ ನಡೆಸಿದಳು. 1890ರಲ್ಲಿ ಆಕೆ ಲೆವಾಸೋರನನ್ನು ಮದುವೆಯಾದಳು. ಮೋಟಾರಿನ ಚರಿತ್ರೆಯಲ್ಲಿ ಈ ಹೆಣ್ಣುಮಗಳಿಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲವೆಂದೇ ನನ್ನ ಎಣಿಕೆ.

1891ರ ಸುಮಾರಿಗೆ ಲೆವಾಸೋರನು ಇಂಜಿನ್ನನ್ನು ಬಂಡಿಯ ಮುಂದಕ್ಕೆ ತಂದು, ಅದರ ಹಿಂದೆ ಕ್ಲಚ್ಚು, ಅದರ ಹಿಂದೆ ಗೇರುಗಳು, ಕೊನೆಗೆ ಹಿಂದಿನ ಗಾಲಿಗಳು ಎಂಬ ಕ್ರಮವನ್ನು ಹಾಕಿದನು. ಗೇರುಗಳ ಕಲ್ಪನೆ ಅವನೊಬ್ಬನದೇ ಅಲ್ಲ. ಡೈಮ್ಲರನ 1889ರ ಬಂಡಿಯಲ್ಲಿಯೂ ಹಲ್ಲುಚಕ್ರಗಳಿದ್ದವು. ಆದರೆ ಮುಂದಿನವರು ಬಹುಕಾಲ ಅನುಸರಿಸಿದ್ದು ಲೆವಾಸೋರನ ಕ್ರಮವನ್ನು. ಅದರ ಕೆಲಸ ಹೀಗೆ: ಚಾಲಕನು ಕ್ಲಚ್ಚು ಬಿಡಿಸಿ, ತಿರುಗುತ್ತಿರುವ ಒಂದು ಚಕ್ರವನ್ನು ಇನ್ನೊಂದರ ಹಲ್ಲಿನೊಳಕ್ಕೆ ಸರಿಸಬೇಕು. ಎರಡರ ವೇಗವೂ ಕೂಡಿಬಂದರೆ ಸರಿ. ಇಲ್ಲವಾದರೆ ಕರಕರನೆ ಹಲ್ಲು ಕಡಿಯುವ ಸದ್ದು. ಈ ಏರ್ಪಾಡು ಒರಟೆಂಬುದನ್ನು ಅವನೇ ಒಪ್ಪಿದ್ದನೆಂದು ಹೇಳುತ್ತಾರೆ. ಆ ಕಾಲದ ಇಂಜಿನ್ನು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತಿದ್ದುದರಿಂದ ಬಂಡಿಯ ಓಟವನ್ನು ಹಿಡಿತದಲ್ಲಿಡಲು ಗೇರೇ ಮುಖ್ಯ ಸಾಧನ. ಇಂದು ರಸಿಕರು ಹಾತೊರೆಯುವ ಸುಖ ಅಂದು ಸುಖವಾಗಿರಲಿಲ್ಲ, ಬೇರೆ ದಾರಿಯಿಲ್ಲದ ದುಡಿಮೆಯಾಗಿತ್ತು.

ಆ ದುಡಿಮೆಯ ಅಳತೆ 1895ರ ಜೂನ್ ತಿಂಗಳಿನಲ್ಲಿ ತಿಳಿಯಿತು. ಪ್ಯಾರಿಸಿನಿಂದ ಬೋರ್ಡೋ ನಗರಕ್ಕೆ ಹೋಗಿ ಹಿಂದಿರುಗುವ 1,178 ಕಿಲೋಮೀಟರುಗಳ ಸ್ಪರ್ಧೆ. ಲೆವಾಸೋರನಿಗೆ ಆಗ 52 ವರ್ಷ. ಬಂಡಿಗೆ ಇದ್ದುದು ಸುಮಾರು ನಾಲ್ಕು ಕುದುರೆಗಳ ಶಕ್ತಿ, ತಿರುಗಿಸಲು ಚಕ್ರವಿಲ್ಲ, ಒಂದು ಹಿಡಿಕೋಲು ಮಾತ್ರ. ರಾತ್ರಿ ರುಫೆಕ್ ಎಂಬ ಊರಿನಲ್ಲಿ ಬೇರೊಬ್ಬ ಚಾಲಕನು ಬಂಡಿಯನ್ನು ವಹಿಸಿಕೊಳ್ಳಬೇಕಾಗಿತ್ತು. ಲೆವಾಸೋರನು ಎಣಿಸಿದ್ದಕ್ಕಿಂತ ಎಷ್ಟೋ ಮುಂಚೆ ಬಂದುಬಿಟ್ಟನು. ಆ ಮಹಾಶಯನು ಇನ್ನೂ ಹಾಸಿಗೆಯಲ್ಲಿದ್ದನು! ಇವನು ಕಾಯಲಿಲ್ಲ. ತಾನೇ ಬೋರ್ಡೋ ಮುಟ್ಟಿ, ಹಿಂದಕ್ಕೆ ತಿರುಗಿ, ಒಟ್ಟು 48 ಗಂಟೆ 48 ನಿಮಿಷಗಳಲ್ಲಿ ಪ್ಯಾರಿಸ್ ಸೇರಿದನು. ಸರಾಸರಿ ಗಂಟೆಗೆ ಸುಮಾರು 24 ಕಿಲೋಮೀಟರು. ಏರು ಬಂದಾಗಲೆಲ್ಲ ಕೆಳಗಿನ ಗೇರು, ಇಳಿಜಾರು ಮುಗಿದಾಗಲೆಲ್ಲ ಮೇಲಿನದು. ಎರಡು ಹಗಲು, ಎರಡು ರಾತ್ರಿ ಆ ಲೆಕ್ಕವನ್ನು ನಡೆಸಿದ್ದು ಯಾವ ಯಂತ್ರವೂ ಅಲ್ಲ, ನಿದ್ದೆಗೆಟ್ಟ ಒಬ್ಬ ಮನುಷ್ಯನ ಕಿವಿ ಮತ್ತು ಕೈ. ಎರಡನೆಯ ಬಂಡಿ ಬಂದದ್ದು ಸುಮಾರು ಆರು ಗಂಟೆಗಳ ತರುವಾಯ.

ಆದರೂ ಮೊದಲನೆಯ ಬಹುಮಾನ ಅವನಿಗೆ ದೊರೆಯಲಿಲ್ಲ. ನಿಯಮದಂತೆ ಅದು ನಾಲ್ಕು ಜನ ಕೂರುವ ಬಂಡಿಗೆ ಮೀಸಲು, ಇವನದು ಇಬ್ಬರದು. ಸುಮಾರು ಹನ್ನೊಂದು ಗಂಟೆ ತಡವಾಗಿ ಬಂದ ಪ್ಯೂಜೋ ಬಂಡಿಗೆ ಅದು ಹೋಯಿತು.

ಮರುವರ್ಷ ಪ್ಯಾರಿಸ್–ಮಾರ್ಸೇಲ್ ಸ್ಪರ್ಧೆಯಲ್ಲಿ ನಾಯಿಯೊಂದನ್ನು ತಪ್ಪಿಸಹೋಗಿ ಬಂಡಿ ಮಗುಚಿತು. ಆ ಪೆಟ್ಟಿನಿಂದ ಅವನು ಪೂರ್ತಿಯಾಗಿ ಚೇತರಿಸಿಕೊಳ್ಳಲಿಲ್ಲ. 1897ರ ಏಪ್ರಿಲ್ 14ರಂದು ತೀರಿಕೊಂಡನು.

ಅವನಿದ್ದಿದ್ದರೆ ಈ ವಾದದಲ್ಲಿ ಕೈಗೇರಿನ ಪಕ್ಷ ಹಿಡಿಯುತ್ತಿದ್ದನೆಂದು ನನಗೆ ತೋರುವುದಿಲ್ಲ. ಮೃದುವಾಗಿ ಕೂಡಿಕೊಳ್ಳುವ ಪೆಟ್ಟಿಗೆ ಸಿಕ್ಕಿದ್ದರೆ ಅದನ್ನೇ ಬಂಡಿಗೆ ಹಾಕಿ ಓಟಕ್ಕೆ ಹೊರಡುತ್ತಿದ್ದನು. 1907ರಲ್ಲಿ ಪ್ಯಾರಿಸಿನ ಪೋರ್ತ್ ಮಾಯೋ ಬಳಿ ಅವನ ಸ್ಮಾರಕವನ್ನು ನಿಲ್ಲಿಸಿದರು. ಅದರಲ್ಲಿ ಅವನು ಬಂಡಿಯನ್ನೇರಿ ಬರುತ್ತಿರುವಂತೆ ಕೆತ್ತಿದ್ದಾರೆ.